ಪ್ಲಗ್ ಚೂಡಿಗೆ ಪೇಸ್ಟ್ ಹಚ್ಚಬೇಕೆ?

ಕಳೆದ ಬೇಸಿಗೆಯಲ್ಲಿ ಔರಾದಿನಿಂದ ನಮ್ಮ ಸೋದರಮಾವನ ಮಗ ಫೋನ್ ಮಾಡಿದ. ಗಾಡಿಯ ಪ್ಲಗ್ ಬಿಗಿ ಮಾಡುವಾಗ ಪಾನಾ ಒಮ್ಮೆಲೇ ಹಗುರಾಯಿತಂತೆ. ಆಮೇಲೆ ಎಷ್ಟು ತಿರುಗಿಸಿದರೂ ಪ್ಲಗ್ ಸುಮ್ಮನೆ ಸುತ್ತುತ್ತದೆ, ಕೂರುವುದಿಲ್ಲ. ಮರುದಿನ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಸಂತಪುರದ ಮೇಲಿಂದ ಬೀದರಿಗೆ ತಂದ. ಉದಗೀರ ರಸ್ತೆಯ ಗ್ಯಾರೇಜಿನಲ್ಲಿ ಮಿಸ್ತ್ರಿ ಕಾಕಾ ಪ್ಲಗ್ಗನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಅದರ ಚೂಡಿಗೆ, ಅಂದರೆ ತಿರುಪಿನ ಗೆರೆಗಳಿಗೆ, ಬಿಳಿ ತಂತಿ ಸುತ್ತಿದ ಹಾಗೆ ಏನೋ ಅಂಟಿಕೊಂಡಿತ್ತು. ಅದು ತಂತಿಯಲ್ಲ, ಎಂಜಿನ್ ಹೆಡ್ಡಿನ ಒಳಗಿನ ಅಲ್ಯೂಮಿನಿಯಂ ಚೂಡಿಯೇ ಸುರುಳಿಯಾಗಿ ಕಿತ್ತು ಬಂದಿತ್ತು. ಅದರ ಮೇಲೆಲ್ಲ ಬೂದಿ ಬಣ್ಣದ ಪೇಸ್ಟು.

"ಇದೇನ್ ಹಚ್ಚಿದಿ ತಮ್ಮಾ?"

"ಆ್ಯಂಟಿ-ಸೀಜ್ ರೀ ಕಾಕಾ. ಪ್ಲಗ್ ಜಾಮ್ ಆಗಬಾರದಂತ ಹಚ್ಚಿದೆ."

"ಜಾಮ್ ಆಗಿಲ್ಲ ನೋಡು. ಖರೆ, ಚೂಡಿನೇ ಹೋಗ್ಯಾದ."

ಆ ಹುಡುಗ ಅಡ್ಡಾದಿಡ್ಡಿ ಕೆಲಸ ಮಾಡುವವನಲ್ಲ. ಹಿಂದಿನ ವರ್ಷ ಹೊಲದ ಸ್ಪ್ರೇ ಪಂಪಿನ ಪ್ಲಗ್ ಒಳಗೇ ಹಿಡಿದುಕೊಂಡು ಮುರಿದಾಗ ಪಟ್ಟ ಪಾಡು ಅವನಿಗೆ ನೆನಪಿತ್ತು. ಹೈದರಾಬಾದಿಗೆ ಹೋದಾಗ ಪೇಸ್ಟಿನ ಟ್ಯೂಬ್ ಕೊಂಡು ತಂದ, ಚೂಡಿಯ ತುಂಬ ಧಾರಾಳವಾಗಿ ಹಚ್ಚಿದ, ಪ್ರತಿ ಸಲ ಎಷ್ಟು ಬಿಗಿಯುತ್ತಿದ್ದನೋ ಅಷ್ಟೇ ಬಿಗಿದ. ತಪ್ಪಿದ್ದು ಈ ಕೊನೆಯದರಲ್ಲಿ. ಪೇಸ್ಟ್ ಹಚ್ಚಿದ ಮೇಲೆ ಪ್ರತಿ ಸಲದ ಬಿಗಿ ಅದೇ ಬಿಗಿಯಾಗಿ ಉಳಿಯುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಇವತ್ತು ಅಂಗಡಿಯಲ್ಲಿ ಸಿಗುವ ಒಳ್ಳೆಯ ಕಂಪನಿಯ ಪ್ಲಗ್ಗುಗಳಿಗೆ ಆ ಪೇಸ್ಟ್ ಬೇಕಾಗಿಯೇ ಇಲ್ಲ. ಯಾಕೆ ಬೇಕಿಲ್ಲ, ಬೇಕಾಗುವುದು ಯಾವಾಗ, ಪೇಸ್ಟ್ ಇಲ್ಲದೆಯೂ ಪ್ಲಗ್ ಜಾಮ್ ಆಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಬೀದರ, ಭಾಲ್ಕಿ, ಔರಾದ ಕಡೆಯ ಗಾಡಿಗಳನ್ನೇ ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಉಕ್ಕಿನ ಪ್ಲಗ್, ಅಲ್ಯೂಮಿನಿಯಂ ಮನೆ

ಸ್ಪಾರ್ಕ್ ಪ್ಲಗ್ಗಿನ ಹೊರಮೈ ಉಕ್ಕಿನದು. ಅದು ಹೋಗಿ ಕೂರುವ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಹಳೆಯ ಅಂಬಾಸಿಡರ್ ಕಾರಿನ ಹೆಡ್ ಬೀಡುಕಬ್ಬಿಣದ್ದಾಗಿತ್ತು. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣವೇ ಜೊತೆ, ಉದ್ದನೆಯ ಪಾನಾ ಹಾಕಿ ಜಗ್ಗಿದರೂ ಚೂಡಿ ತಡೆದುಕೊಳ್ಳುತ್ತಿತ್ತು. ಆ ಕಾಲದಲ್ಲಿ ಕೈ ಪಳಗಿಸಿಕೊಂಡವರ ಬಿಗಿಯೇ ಶಿಷ್ಯರಿಗೆ, ಶಿಷ್ಯರ ಶಿಷ್ಯರಿಗೆ ಬಂತು. ಅಷ್ಟರಲ್ಲಿ ಗಾಡಿಗಳು ಬದಲಾಗಿದ್ದವು. 1983ರ ಕೊನೆಯಲ್ಲಿ ಬಂದ ಮಾರುತಿ 800, 1985ರಲ್ಲಿ ಬಂದ ಹೀರೊ ಹೊಂಡಾ ಸಿಡಿ 100, ಅವುಗಳ ಬೆನ್ನಿಗೆ ಬಂದ ಸ್ಪ್ಲೆಂಡರ್, ಪಲ್ಸರ್, ಶೈನ್ ಎಲ್ಲದರ ಹೆಡ್ಡೂ ಅಲ್ಯೂಮಿನಿಯಂ. ಈಗ ಭಾಲ್ಕಿಯ ಸಂತೆಗೆ ಬರುವ ಯಾವ ಪೆಟ್ರೋಲ್ ಗಾಡಿಯನ್ನು ಬಿಚ್ಚಿದರೂ ಸಿಗುವುದು ಅದೇ ಮೆತ್ತನೆಯ ಲೋಹ. ಕಬ್ಬು ಹೊರುವ ಟ್ರ್ಯಾಕ್ಟರ್ ಮತ್ತು ಡೀಸೆಲ್ ಟಂಟಂಗಳಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಅವು ಈ ಮಾತಿನಿಂದ ಹೊರಗೆ.

ಅಲ್ಯೂಮಿನಿಯಂ ಹಗುರ, ಶಾಖವನ್ನು ಬೇಗ ಸಾಗಿಸುತ್ತದೆ. ಅದಕ್ಕೇ ಹೆಡ್ಡಿಗೆ ಅದನ್ನು ಆರಿಸಿದ್ದು. ಆದರೆ ಬಿಸಿಯಾದಾಗ ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪ್ಲಗ್ ಕೂತ ಜಾಗದಲ್ಲಿ ವಾಶರಿನ ಕೆಳಗಿನ ಅಲ್ಯೂಮಿನಿಯಂ ಹಿಗ್ಗಿ ಉಕ್ಕಿನ ಪ್ಲಗ್ಗನ್ನು ಮೇಲಕ್ಕೆ ಜಗ್ಗುತ್ತದೆ. ಹೀಗಾಗಿ ಎಂಜಿನ್ ಬಿಸಿಯಿದ್ದಾಗ ಚೂಡಿಯ ಮೇಲೆ ಎಳೆತ ಹೆಚ್ಚು, ಅದೇ ಹೊತ್ತಿಗೆ ಲೋಹ ಮೆತ್ತಗೆ. ಬಿಸಿ ಎಂಜಿನ್ನಿನಿಂದ ಪ್ಲಗ್ ಬಿಚ್ಚಬೇಡಿ ಎಂದು ಕಂಪನಿಗಳು ಬರೆದಿರುವುದಕ್ಕೆ ಕಾರಣ ಇದು. ಬಿಸಿಯಿದ್ದಾಗಲೇ ಬಿಗಿದರೂ ಕೆಡುಕೇ: ತಣ್ಣಗಾಗುತ್ತ ಅಲ್ಯೂಮಿನಿಯಂ ಹೆಚ್ಚು ಕುಗ್ಗಿ ನೀವು ಕೊಟ್ಟ ಬಿಗಿ ಇಳಿದುಹೋಗುತ್ತದೆ. ಔರಾದಿನಿಂದ ಮೇ ತಿಂಗಳ ಬಿಸಿಲಲ್ಲಿ ಓಡಿಸಿಕೊಂಡು ಬಂದವರು ಗ್ಯಾರೇಜಿನಲ್ಲಿ ಇಳಿದ ಕೂಡಲೇ "ಲಗೂನ ಪ್ಲಗ್ ಬಿಚ್ಚ್ರಿ" ಅನ್ನುತ್ತಾರೆ. ಒಂದು ತಾಸು ಕೂತು ಚಹಾ ಕುಡಿಯುವುದು ಇಲ್ಲಿ ಕೆಲಸದ್ದೇ ಒಂದು ಭಾಗ.

ಪ್ಲಗ್ ಹಿಡಿದುಕೊಳ್ಳುವುದು ಯಾಕೆ

ಬೀದರಿನವರಿಗೆ ಎರಡು ಲೋಹ ಅಕ್ಕಪಕ್ಕ ಕೂತರೆ ಏನಾಗುತ್ತದೆ ಎಂದು ಹೊಸದಾಗಿ ಹೇಳಬೇಕಿಲ್ಲ. ಬಿದ್ರಿ ಪಾತ್ರೆಯ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಅದರಲ್ಲಿ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಉಪ್ಪು, ತೇವ ಮತ್ತು ಶಾಖ ಸಿಕ್ಕಾಗ ಒಂದು ಲೋಹ ಬೇಗ ಮಾರ್ಪಡುತ್ತದೆ, ಇನ್ನೊಂದು ಉಳಿದುಕೊಳ್ಳುತ್ತದೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಸುಬು ಆ ವ್ಯತ್ಯಾಸದ ಮೇಲೇ ನಿಂತಿದೆ. ಪ್ಲಗ್ ತೂತಿನಲ್ಲೂ ಲೋಹಗಳ ಇಂಥದೇ ವ್ಯತ್ಯಾಸ ಕೆಲಸ ಮಾಡುತ್ತದೆ, ಆದರೆ ಅಲ್ಲಿ ಅದು ಬೇಡದ ಕೆಲಸ. ಬರೀ ಉಕ್ಕು, ಅಲ್ಯೂಮಿನಿಯಂ ಮತ್ತು ನೀರಿನ ಪಸೆ ಸೇರಿದರೆ ಸವೆಯುವುದು ಅಲ್ಯೂಮಿನಿಯಂ. ಅದು ಬಿಳಿ ಪುಡಿಯಾಗಿ ಚೂಡಿಯ ಸಂದಿಯಲ್ಲಿ ಉಬ್ಬಿಕೊಳ್ಳುತ್ತದೆ, ಪ್ಲಗ್ಗನ್ನು ಬೆಣೆ ಹೊಡೆದಂತೆ ಹಿಡಿಯುತ್ತದೆ.

ಸ್ಪ್ಲೆಂಡರ್ ಜಾತಿಯ ಗಾಡಿಗಳಲ್ಲಿ ಎಂಜಿನ್ ಹೆಚ್ಚುಕಡಿಮೆ ಅಡ್ಡ ಮಲಗಿರುತ್ತದೆ, ಹೆಡ್ ಮುಂಗಾಲಿಯ ಹಿಂದೆಯೇ ಇರುತ್ತದೆ. ಮಳೆಗಾಲದಲ್ಲಿ ಔರಾದಿನ ಎರೆಮಣ್ಣಿನ ದಾರಿಯಲ್ಲಿ ಹೋದರೆ ಕೆಸರು ನೇರ ಅಲ್ಲಿಗೇ ಸಿಡಿಯುತ್ತದೆ. ಬೇಸಿಗೆಯಲ್ಲಿ ಬೀದರ ಸುತ್ತಿನ ಕೆಂಪು ಜಂಬಿಟ್ಟಿಗೆಯ ಧೂಳು. ಪ್ಲಗ್ಗಿನ ಸುತ್ತ ಒಣಗಿ ಕೂತ ಈ ಮಣ್ಣು ಬಿಚ್ಚುವ ಹೊತ್ತಿಗೆ ಚೂಡಿಯೊಳಗೆ ಇಳಿದು ಮರಳುಕಾಗದದ ಹಾಗೆ ಉಜ್ಜುತ್ತದೆ.

ಆದರೆ ನಾನು ಕಂಡ ಮಟ್ಟಿಗೆ ದೊಡ್ಡ ವೈರಿ ಕಾರ್ಬನ್. ಅದು ಮೇಲೇರಿ ಬರುವುದು ಎರಡು ದಾರಿಯಿಂದ. ಪ್ಲಗ್ ಸಡಿಲವಾಗಿ ಕೂತಿದ್ದರೆ ಸುಡುವ ಗಾಳಿ ಚೂಡಿಯ ಸಂದಿಯಲ್ಲಿ ನುಗ್ಗಿ ಅಲ್ಲೇ ಮಸಿಯಾಗಿ ಗಟ್ಟಿಯಾಗುತ್ತದೆ. ಜಾಸ್ತಿ ಬಿಗಿದರೆ ಮಾತ್ರ ಪ್ಲಗ್ ಜಾಮ್ ಆಗುತ್ತದೆ ಎಂಬುದು ಅರ್ಧ ಸತ್ಯ, ಕಡಿಮೆ ಬಿಗಿದರೂ ಆಗುತ್ತದೆ. ಎರಡನೆಯದು ತಪ್ಪು ಉದ್ದದ ಪ್ಲಗ್. ಹಳ್ಳಿಯ ಅಂಗಡಿಗಳಲ್ಲಿ ಚೂಡಿ ಕೂಡಿತು ಅಂದರೆ ಪ್ಲಗ್ ಸರಿಯಾಯಿತು ಎಂದೇ ಲೆಕ್ಕ. ಚೂಡಿಯ ಉದ್ದ 12.7 ಮಿಲಿಮೀಟರಿನದೂ ಇರುತ್ತದೆ, 19 ಮಿಲಿಮೀಟರಿನದೂ ಇರುತ್ತದೆ. ಉದ್ದ ಬೇಕಾದಲ್ಲಿ ಗಿಡ್ಡದು ಹಾಕಿದರೆ ಹೆಡ್ಡಿನ ಕೆಳಗಿನ ಚೂಡಿ ಬೆಂಕಿಗೆ ಬಯಲಾಗಿ ಕಾರ್ಬನ್ ತುಂಬಿಕೊಳ್ಳುತ್ತದೆ. ಮುಂದೆ ಸರಿಯಾದ ಪ್ಲಗ್ ಹಾಕಲು ಹೋದರೆ ಅರ್ಧಕ್ಕೇ ಸಿಕ್ಕಿಬೀಳುತ್ತದೆ. ಗಿಡ್ಡ ಬೇಕಾದಲ್ಲಿ ಉದ್ದದ್ದು ಹಾಕಿದರೆ ಪ್ಲಗ್ಗಿನ ತುದಿಯ ಚೂಡಿ ಎಂಜಿನ್ನೊಳಗೆ ಚಾಚಿಕೊಂಡು ಕಾರ್ಬನ್ ಹೊದ್ದುಕೊಳ್ಳುತ್ತದೆ, ಬಿಚ್ಚುವಾಗ ಹೆಡ್ಡಿನ ಚೂಡಿಯನ್ನೆಲ್ಲ ಕೆರೆಯುತ್ತ ಹೊರಬರುತ್ತದೆ. ಪಿಸ್ಟನ್ನಿಗೆ ತಾಗಿದರೆ ಅದು ಬೇರೆಯೇ ನಷ್ಟ. ಎನ್‌ಜಿಕೆ ಪ್ಲಗ್ಗುಗಳ ಸಾಮಾನ್ಯ ಗುರುತಿನಲ್ಲಿ ಮೊದಲ ಅಕ್ಷರ ಬಿ ಇದ್ದರೆ ಚೂಡಿ 14 ಮಿಲಿಮೀಟರ್, ಡಿ ಇದ್ದರೆ 12, ಸಿ ಇದ್ದರೆ 10. ಅಂಕಿಯ ನಂತರ ಬರುವ ಎಚ್ ಅಂದರೆ 12.7ರ ಉದ್ದ, ಇ ಅಂದರೆ 19. ಹಳೆಯ ಪ್ಲಗ್ಗನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ಅಳತೆ ಹೋಲಿಸಿ ತರುವುದು ಯಾವ ಪೇಸ್ಟಿಗಿಂತಲೂ ಹೆಚ್ಚಿನ ರಕ್ಷಣೆ.

ಪೇಸ್ಟಿನ ಒಳಗೇನಿದೆ

ಆ್ಯಂಟಿ-ಸೀಜ್ ಅಂದರೆ ಗ್ರೀಸಿನಂಥ ಜಿಡ್ಡಿನಲ್ಲಿ ತಾಮ್ರ, ಅಲ್ಯೂಮಿನಿಯಂ ಅಥವಾ ನಿಕ್ಕಲ್ ಪುಡಿಯನ್ನು, ಜೊತೆಗೆ ಗ್ರಾಫೈಟಿನಂಥ ಜಾರುವ ಪುಡಿಯನ್ನು ಕಲಸಿದ ಪೇಸ್ಟ್. ಬಿಸಿಗೆ ಜಿಡ್ಡು ಉರಿದುಹೋದರೂ ಪುಡಿ ಉಳಿದು ಎರಡು ಲೋಹಗಳ ನಡುವೆ ತೆಳ್ಳನೆಯ ಹಾಸಾಗಿ ಕೂರುತ್ತದೆ. ತಾಮ್ರದ ಪೇಸ್ಟ್ ಸುಮಾರು 980 ಡಿಗ್ರಿ ಸೆಲ್ಸಿಯಸ್‌ವರೆಗೆ ಬಾಳುತ್ತದೆ, ನಿಕ್ಕಲ್ಲಿನದು ಅದಕ್ಕಿಂತ ಮೇಲೆ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸನ್ನೋ ಎಂಜಿನ್ ಆಯಿಲ್ಲನ್ನೋ ಪ್ಲಗ್ ಚೂಡಿಗೆ ಸವರುವ ರೂಢಿ ನಮ್ಮ ಕಡೆ ಬಹಳ. ಅದು ತಪ್ಪು. ಆ ಗ್ರೀಸ್ 180 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಆಮೇಲೆ ಸುಟ್ಟು ಕರಿಯಾಗಿ ಚೂಡಿಗೆ ಅಂಟಿನ ಹಾಗೆ ಹಿಡಿಯುತ್ತದೆ. ಜಾಮ್ ಆಗದಿರಲಿ ಎಂದು ಹಚ್ಚಿದ್ದೇ ಜಾಮ್ ಮಾಡುತ್ತದೆ.

ಪೇಸ್ಟಿನ ಸ್ವಭಾವ ತಿಳಿಯಬೇಕಾದರೆ ಬೋರ್‌ವೆಲ್ ಲಾರಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದೊಂದು ರಾಡ್ ಜೋಡಿಸುವಾಗಲೂ ಹುಡುಗರು ಚೂಡಿಗೆ ಜಿಡ್ಡು ಬಳಿಯುತ್ತಾರೆ. ಒಂದೇ ದಿನದಲ್ಲಿ ಹತ್ತಾರು ಸಲ ಕೂಡಿಸಿ ಬಿಡಿಸುವ ದಪ್ಪ ಉಕ್ಕಿನ ಚೂಡಿ ಅದು, ಯಂತ್ರವೇ ಬಿಗಿಯುತ್ತದೆ, ಕಿತ್ತುಹೋಗುವ ಭಯವಿಲ್ಲ. ಸೈಲೆನ್ಸರಿನ ನಟ್ಟಿಗೂ ಇದು ಸರಿ. ಆ ಬಲ ಮತ್ತು ಆ ದಪ್ಪ 10 ಮಿಲಿಮೀಟರಿನ ಪ್ಲಗ್ ತೂತಿನಲ್ಲಿ ಎಲ್ಲಿಂದ ಬರಬೇಕು?

ಕೈಗೆ ಸಿಗದ ಲೆಕ್ಕ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪ್ಲಗ್ ಬಿಗಿಯುವಾಗ ನಾವು ಪಾನಾಕ್ಕೆ ಕೊಡುವ ತಿರುಚುಬಲವೆಲ್ಲ ಪ್ಲಗ್ಗನ್ನು ಒತ್ತಿ ಹಿಡಿಯಲು ಹೋಗುವುದಿಲ್ಲ. ಎಂಜಿನಿಯರುಗಳು ಬೋಲ್ಟುಗಳಿಗೆ ಹಾಕುವ ಸ್ಥೂಲ ಲೆಕ್ಕ ಹೀಗಿದೆ: ನೂರು ಪೈಸೆ ಬಲ ಕೊಟ್ಟರೆ ಸುಮಾರು 50 ಪೈಸೆ ತಲೆಯ ಕೆಳಗಿನ ಉಜ್ಜಾಟಕ್ಕೆ, 40 ಪೈಸೆ ಚೂಡಿಯ ಉಜ್ಜಾಟಕ್ಕೆ ಖರ್ಚು. ಉಳಿದ 10 ಪೈಸೆ ಮಾತ್ರ ನಿಜವಾದ ಹಿಡಿತ. ಮಿಸ್ತ್ರಿಯ ಕೈ "ಈಗ ಸಾಕು" ಎಂದು ನಿಲ್ಲುವುದು ಆ 90 ಪೈಸೆಯ ಉಜ್ಜಾಟವನ್ನು ಓದಿಕೊಂಡು. ವರ್ಷಗಟ್ಟಲೆ ಒಣ ಚೂಡಿಯ ಮೇಲೆ ಪಳಗಿದ ಕೈ ಅದು.

ಪೇಸ್ಟ್ ಹಚ್ಚಿದಾಗ ಚೂಡಿಯ ಉಜ್ಜಾಟ ಅರ್ಧಕ್ಕೆ ಇಳಿಯಿತು ಎನ್ನೋಣ. ಆಗ 40 ಪೈಸೆಯ ಜಾಗದಲ್ಲಿ 20 ಸಾಕು, ಅದೇ ಹಿಡಿತಕ್ಕೆ ಒಟ್ಟು 80 ಪೈಸೆ ಬಲ ಸಾಕು. ಆದರೆ ಕೈ ನೂರನ್ನೇ ಹಾಕುತ್ತದೆ, ಚೂಡಿಯ ಮೇಲಿನ ಎಳೆತ ಕಾಲು ಪಾಲು ಏರುತ್ತದೆ. ಪೇಸ್ಟ್ ಹರಿದು ವಾಶರಿನ ಕೆಳಗೂ ಬಂತೆಂದರೆ ಅಲ್ಲಿನ 50 ಕೂಡ 25ಕ್ಕೆ ಇಳಿಯುತ್ತದೆ. ಆಗ 55 ಪೈಸೆ ಸಾಕಾಗುವಲ್ಲಿ ನೂರು ಬೀಳುತ್ತದೆ, ಎಳೆತ ದುಪ್ಪಟ್ಟಿನ ಹತ್ತಿರ ಹೋಗುತ್ತದೆ. ನಮ್ಮ ಹುಡುಗನ ಪ್ಲಗ್ಗಿನಲ್ಲಿ ವಾಶರಿನ ಎರಡೂ ಮೈಗೆ ಪೇಸ್ಟ್ ಇತ್ತು. ಕೈ ಅವನಿಗೆ ಏನನ್ನೂ ಹೇಳಲಿಲ್ಲ, ಹೇಳಬೇಕಾದ ಉಜ್ಜಾಟವನ್ನು ಪೇಸ್ಟ್ ಮುಚ್ಚಿಹಾಕಿತ್ತು.

ಜಪಾನಿನ ನಗೋಯಾದ ಎನ್‌ಜಿಕೆ ಕಂಪನಿ ಇದನ್ನೇ ಬರೆದು ಹೇಳಿದೆ: ಪೇಸ್ಟ್ ಹಚ್ಚಿದರೆ ಬಿಗಿಯ ಲೆಕ್ಕ ಶೇಕಡಾ 20ರವರೆಗೆ ತಪ್ಪಬಹುದು, ಚೂಡಿ ಮುರಿಯಬಹುದು, ಪ್ಲಗ್ಗಿನ ಉಕ್ಕಿನ ಮೈ ಹಿಗ್ಗಬಹುದು. ಈ ಕೊನೆಯ ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಉಕ್ಕಿನ ಮೈ ಕೂದಲೆಳೆಯಷ್ಟು ಹಿಗ್ಗಿದರೂ ಒಳಗಿನ ಪಿಂಗಾಣಿಯನ್ನು ಹಿಡಿದ ಬಿಗಿ ಸಡಿಲವಾಗುತ್ತದೆ. ಗಾಳಿ ಸೋರುತ್ತದೆ, ಪ್ಲಗ್ಗಿನ ತುದಿಯ ಶಾಖ ಹೆಡ್ಡಿಗೆ ಇಳಿಯದೆ ಅಲ್ಲೇ ಉಳಿಯುತ್ತದೆ. ತುದಿ ಸುಮಾರು 450ರಿಂದ 850 ಡಿಗ್ರಿಯ ಒಳಗೆ ಇರಬೇಕು. ಕೆಳಗಿಳಿದರೆ ಮಸಿ ಕಟ್ಟುತ್ತದೆ, ಮೇಲೇರಿದರೆ ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳಲು ಶುರುವಾಗುತ್ತದೆ. ಅಷ್ಟೇ ಅಲ್ಲದೆ ಪೇಸ್ಟಿನ ಲೋಹದ ಪುಡಿ ತುದಿಯ ಪಿಂಗಾಣಿಗೆ ಅಂಟಿದರೆ ವಿದ್ಯುತ್ತು ಅದರ ಮೇಲೇ ಹರಿದುಹೋಗಿ ಕಿಡಿಯೇ ಹಾರದಿರಬಹುದು.

ಎಷ್ಟು ಬಿಗಿಯಬೇಕು? ಅಲ್ಯೂಮಿನಿಯಂ ಹೆಡ್ಡಿನಲ್ಲಿ 10 ಮಿಲಿಮೀಟರ್ ಪ್ಲಗ್ಗಿಗೆ 10ರಿಂದ 12 ನ್ಯೂಟನ್ ಮೀಟರ್, 12ರದಕ್ಕೆ 15ರಿಂದ 20, ಕಾರುಗಳಲ್ಲಿ ಕಾಣುವ 14ರದಕ್ಕೆ 25ರಿಂದ 30. ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ. ಈ ಅಂಕಿಗಳನ್ನು ಕೈಭಾಷೆಗೆ ತರೋಣ. ಪ್ಲಗ್ ಪಾನಾದ ಹಿಡಿ ನಡುವಿನಿಂದ 15 ಸೆಂಟಿಮೀಟರ್ ಇದ್ದರೆ, 12 ನ್ಯೂಟನ್ ಮೀಟರಿಗೆ ಅದರ ತುದಿಯಲ್ಲಿ ಸುಮಾರು 8 ಕೆ.ಜಿ. ಜಗ್ಗಿದರೆ ಮುಗಿಯಿತು. ತುಂಬಿದ 10 ಲೀಟರ್ ಬಕೆಟ್ಟಿನ ಭಾರಕ್ಕೂ ಕಡಿಮೆ. ಅದೇ ಪಾನಾಕ್ಕೆ ಪೈಪ್ ಸಿಕ್ಕಿಸಿ ಹಿಡಿಯನ್ನು 30 ಸೆಂಟಿಮೀಟರ್ ಮಾಡಿಕೊಂಡು ಅಷ್ಟೇ ಜಗ್ಗಿದರೆ 24 ನ್ಯೂಟನ್ ಮೀಟರ್, ಅಂದರೆ ಎರಡರಷ್ಟು. ಪ್ಲಗ್ ಬಿಗಿಯಲು ಪೈಪ್ ಹಚ್ಚುವುದನ್ನು ಕಂಡರೆ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಹೊಳೆಯುವ ಪ್ಲಗ್, ಕಪ್ಪು ಪ್ಲಗ್

ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯ ಹೆಸರು ಒಂದು ಕಾಲಕ್ಕೆ ಪ್ಲಗ್ಗಿಗೇ ಪರ್ಯಾಯವಾಗಿತ್ತು. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ನಮ್ಮ ಹಿರಿಯ ಮಿಸ್ತ್ರಿಗಳು ಈಗಲೂ ಯಾವ ಕಂಪನಿಯದು ಬೇಕಿದ್ದರೂ "ಮೈಕೊ ಕೊಡು" ಎನ್ನುವುದುಂಟು. ಮೈಸೂರಿನ ಜಾವಾ, ಯಜ್ಡಿ ಓಡಿಸಿದವರ ಕಿಸೆಯಲ್ಲಿ ಒಂದು ಹೆಚ್ಚಿನ ಪ್ಲಗ್ ಸದಾ ಇರುತ್ತಿತ್ತು. ಆಯಿಲ್ ಬೆರೆತ ಪೆಟ್ರೋಲಿನ ಟೂ ಸ್ಟ್ರೋಕ್ ಗಾಡಿಗಳಲ್ಲಿ ಪ್ಲಗ್ ಮೇಲಿಂದ ಮೇಲೆ ಮಸಿ ಹಿಡಿಯುತ್ತಿತ್ತು, ದಾರಿಯಲ್ಲೇ ಬಿಚ್ಚಿ ಒರೆಸಿ ಹಾಕಬೇಕಾಗುತ್ತಿತ್ತು. ಹಾಗೆ ಪದೇ ಪದೇ ಬಿಚ್ಚಿದ ಚೂಡಿ ಸವೆಯುತ್ತಿತ್ತೇ ಹೊರತು ಹಿಡಿದುಕೊಳ್ಳಲು ಅದಕ್ಕೆ ಪುರುಸೊತ್ತೇ ಇರಲಿಲ್ಲ. ಈಗಿನ ಕಾರುಗಳ ಇರಿಡಿಯಂ ಪ್ಲಗ್ಗನ್ನು ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ಜಾಮ್ ಆಗುವ ಭಯ ಈಗ ಜನರಲ್ಲಿ ಹೆಚ್ಚಿದ್ದರೆ ಅದಕ್ಕೆ ಆಧಾರವಿದೆ.

ಕಂಪನಿಗಳು ಆ ಭಯಕ್ಕೆ ಪ್ಲಗ್ಗಿನ ಮೈಮೇಲೇ ಉತ್ತರ ಕೊಟ್ಟಿವೆ. ಒಳ್ಳೆಯ ಪ್ಲಗ್ಗಿನ ಚೂಡಿ ಬೆಳ್ಳಗೆ ಹೊಳೆಯುತ್ತದೆ. ಅದು ನಿಕ್ಕಲ್ ಅಥವಾ ಸತುವಿನ ಲೇಪ. ನಿಕ್ಕಲ್ ತುಕ್ಕಿಗೂ ಶಾಖಕ್ಕೂ ಬಗ್ಗುವುದಿಲ್ಲ. ಸತು ಲೋಹಗಳ ಸಾಲಿನಲ್ಲಿ ಅಲ್ಯೂಮಿನಿಯಂನ ನೆರೆಯದು, ಆದ್ದರಿಂದ ಅವೆರಡರ ನಡುವೆ ಜಗಳ ಕಡಿಮೆ. ಬಿದ್ರಿಯ ಮೈಯಾದ ಅದೇ ಸತು ಇಲ್ಲಿ ಕಾವಲುಗಾರ. ಪೇಸ್ಟ್ ಮಾಡಬೇಕಾದ ಕೆಲಸವನ್ನು ಈ ಲೇಪ ಆಗಲೇ ಮಾಡಿರುತ್ತದೆ, ಕಂಪನಿ ಹೇಳುವ ಬಿಗಿಯ ಅಂಕಿಯೂ ಒಣ ಚೂಡಿಯನ್ನು ಲೆಕ್ಕಕ್ಕೆ ಹಿಡಿದದ್ದು. ಲೇಪವಿಲ್ಲದ, ಕಪ್ಪು ಮೈಯ ಪ್ಲಗ್ ಸಿಕ್ಕರೆ ಮಾತ್ರ ಪೇಸ್ಟಿನ ಮಾತು ಏಳುತ್ತದೆ. ನಕಲಿ ಪ್ಲಗ್ಗುಗಳ ಲೇಪಕ್ಕೆ ಭರವಸೆಯಿಲ್ಲ. ಹೊಸ ಪ್ಲಗ್ಗಿನ ವಾಶರ್ ಬೆರಳಿಂದ ತಿರುಗಿಸಿದ ಮಾತ್ರಕ್ಕೆ ಕಳಚಿ ಬಂದರೆ ಆ ಪ್ಲಗ್ಗನ್ನು ಹಿಂದಿರುಗಿಸಿ.

ಹಾಗಾದರೆ ಪೇಸ್ಟ್ ಹಚ್ಚಿ ಎನ್ನುವವರೇ ಇಲ್ಲವೆ? ಇದ್ದಾರೆ. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಹಚ್ಚುತ್ತಾರೆ. (ಬೀದರ ವಾಯುನೆಲೆಯಿಂದ ನಮ್ಮ ತಲೆಯ ಮೇಲೆ ಹಾರುವ ಹಾಕ್ ಜೆಟ್ ವಿಮಾನ, ಅದರ ಎಂಜಿನ್ನಿನ ಬಗೆ ಬೇರೆ.) ಆ ಸಣ್ಣ ವಿಮಾನಗಳಲ್ಲಿ 100 ತಾಸು ಹಾರಿದ ಮೇಲೆ ಪ್ಲಗ್ ಬಿಚ್ಚಿ ತಪಾಸಣೆ ಮಾಡುವ ಪದ್ಧತಿ, ಚೂಡಿ 18 ಮಿಲಿಮೀಟರಿನ ದಪ್ಪದ್ದು. ತುದಿಯ ಮೊದಲ ಸುತ್ತು ಬಿಟ್ಟು ತೆಳ್ಳಗೆ ಹಚ್ಚಿ, ಟಾರ್ಕ್ ಪಾನಾದಿಂದ ಅಳೆದೇ ಬಿಗಿಯುತ್ತಾರೆ. ಇನ್ನೊಂದು ಉದಾಹರಣೆ ಅಮೆರಿಕದ ಫೋರ್ಡ್ ಟ್ರಕ್ಕುಗಳ 5.4 ಲೀಟರ್ ಟ್ರೈಟನ್ ಎಂಜಿನ್. 2004ರಿಂದ 2008ರವರೆಗಿನ ಮಾದರಿಗಳಲ್ಲಿ ಪ್ಲಗ್ಗಿನ ಉದ್ದನೆಯ ಕೆಳಭಾಗಕ್ಕೆ ಕಾರ್ಬನ್ ಅಂಟಿಕೊಂಡು, ಬಿಚ್ಚುವಾಗ ಅರ್ಧ ಪ್ಲಗ್ ಒಳಗೇ ಉಳಿಯುತ್ತಿತ್ತು. ಹೊಸ ಪ್ಲಗ್ ಹಾಕುವಾಗ ನಿಕ್ಕಲ್ ಪೇಸ್ಟ್ ಹಚ್ಚಿರೆಂದು ಫೋರ್ಡ್ 2008ರಲ್ಲಿ ಸೂಚಿಸಿತು. ಆದರೆ ಹಚ್ಚಲು ಹೇಳಿದ್ದು ಆ ಕೆಳಗಿನ ಕೊಳವೆಯಂಥ ಭಾಗಕ್ಕೆ, ತುದಿಗೆ ತಾಗದಂತೆ. ಎರಡೂ ಕಡೆ ಪೇಸ್ಟಿಗೆ ಜಾಗ ಗೊತ್ತುಮಾಡಿದ್ದಾರೆ, ಪ್ರಮಾಣ ಗೊತ್ತುಮಾಡಿದ್ದಾರೆ.

ಬಿಚ್ಚುವುದು, ಹಾಕುವುದು

ಎಂಜಿನ್ ತಣ್ಣಗಿರಲಿ, ಮುಂಜಾನೆ ಎದ್ದ ಕೂಡಲೇ ಆದರೆ ಇನ್ನೂ ಒಳ್ಳೆಯದು. ಮೊದಲು ಪ್ಲಗ್ ಸುತ್ತಲಿನ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ತೆಗೆಯಿರಿ. ಪ್ಲಗ್ಗನ್ನು ಎಂಟನೇ ಒಂದು ಸುತ್ತು ಮಾತ್ರ ಸಡಿಲಿಸಿ. ಬಿಗಿಯಾಗಿ ಬರುತ್ತಿದ್ದರೆ ಜಗ್ಗಬೇಡಿ. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನೋ ಕಾರ್ಬುರೇಟರ್ ಕ್ಲೀನರನ್ನೋ ಬಿಟ್ಟು ಕನಿಷ್ಠ 15 ನಿಮಿಷ ಕಾಯಿರಿ. ಮೇಲೆ ಹೇಳಿದ ಫೋರ್ಡ್ ಸೂಚನೆಯಲ್ಲೂ ಕಾಯಲು ಹೇಳಿದ್ದು ಇಷ್ಟೇ ಹೊತ್ತು. ಆಮೇಲೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ, ಮತ್ತೆ ಸ್ವಲ್ಪ ಹಿಂದೆ. ಕಿರ್ರೆನ್ನುವ ಸದ್ದು ಬಂದರೆ ನಿಲ್ಲಿಸಿ, ಮತ್ತೆ ಎಣ್ಣೆ ಬಿಡಿ, ಮತ್ತೆ ಕಾಯಿರಿ. ಅರ್ಧ ದಿನ ಹಿಡಿದರೂ ಹಿಡಿಯಲಿ.

ಹೊರಬಂದ ಪ್ಲಗ್ಗಿನ ಚೂಡಿ ನೋಡಿ. ಕರಿ ಇದ್ದರೆ ಗಾಳಿ ಸೋರಿದೆ. ಬಿಳಿ ಪುಡಿ ಇದ್ದರೆ ನೀರಿನ ಪಸೆ ಒಳಗೆ ಹೋಗಿದೆ. ಹೊಳೆಯುವ ಲೋಹದ ಚೂರು ಅಂಟಿದ್ದರೆ ಹೆಡ್ಡಿನ ಚೂಡಿ ಸಾಯುತ್ತಿದೆ. ತೂತಿನ ಚೂಡಿಯನ್ನು ಒರೆಸಲು ಬಟ್ಟೆ ಸಾಕು. ಕಾರ್ಬನ್ ಹೆಚ್ಚಿದ್ದರೆ ಚೂಡಿ ಸ್ವಚ್ಛ ಮಾಡುವ ಚೇಸರ್ ಹಾಕಿಸಿ. ಕತ್ತರಿಸುವ ಟ್ಯಾಪ್ ಬೇಡ, ಅದು ಕಾರ್ಬನ್ ಜೊತೆಗೆ ಒಳ್ಳೆಯ ಲೋಹವನ್ನೂ ಕೆತ್ತಿ ತೆಗೆಯುತ್ತದೆ. ಚೇಸರಿನ ಗೆರೆಗಳಿಗೆ ಗ್ರೀಸ್ ತುಂಬಿದರೆ ಕಸ ಅದಕ್ಕೆ ಅಂಟಿ ಹೊರಬರುತ್ತದೆ, ಎಂಜಿನ್ನೊಳಗೆ ಬೀಳುವುದಿಲ್ಲ. ಗ್ರೀಸಿಗೆ ಈ ಕೆಲಸದಲ್ಲಿ ಇರುವ ಜಾಗ ಇದೊಂದೇ.

ಹಾಕುವಾಗ ಪಾನಾವನ್ನು ದೂರ ಇಡಿ. ಪೆಟ್ರೋಲ್ ಪೈಪಿನ ಅರ್ಧ ಗೇಣು ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ಅದರಿಂದಲೇ ತಿರುಗಿಸಿ. ಮೊದಲು ಹಿಂದಕ್ಕೆ ಒಂದು ಸುತ್ತು. ಚೂಡಿಯ ಬಾಯಿಗೆ ಬಾಯಿ ಕೂತಾಗ ಪ್ಲಗ್ ಟಕ್ಕೆಂದು ಸಣ್ಣಗೆ ಇಳಿಯುತ್ತದೆ, ಅಲ್ಲಿಂದ ಮುಂದಕ್ಕೆ. ಅಡ್ಡಚೂಡಿ ಹಿಡಿದರೆ ರಬ್ಬರ್ ಪೈಪು ಜಾರುತ್ತದೆಯೇ ಹೊರತು ಚೂಡಿಯನ್ನು ಮುರಿಯುವಷ್ಟು ಬಲ ಅದಕ್ಕಿಲ್ಲ. ನೂರಾರು ರೂಪಾಯಿಯ ಹತಾರಿಗಿಂತ ಈ ತುಂಡು ಪೈಪನ್ನು ನಾನು ಹೆಚ್ಚು ನಂಬುತ್ತೇನೆ. ವಾಶರ್ ತಾಗುವವರೆಗೂ ಕೈಯಲ್ಲೇ ಬರಬೇಕು.

ಅಲ್ಲಿಂದ ಮುಂದೆ ಟಾರ್ಕ್ ಪಾನಾ ಇದ್ದರೆ ಅಂಕಿಯ ಪ್ರಕಾರ. ಇಲ್ಲದಿದ್ದರೆ ಬೀದರಿನ ಚೌಬಾರಾ ಗೋಪುರದ ಗಡಿಯಾರ ನೆನೆಸಿಕೊಳ್ಳಿ. ಹೊಸ ಪ್ಲಗ್ಗಿನ ವಾಶರ್ ಒಳಗೆ ಟೊಳ್ಳು, ಅದು ಅಮುಕಿ ಕೂರಬೇಕು. ಅದಕ್ಕೆ ನಿಮಿಷದ ಮುಳ್ಳು 12ರಿಂದ 6ಕ್ಕೆ ಬರುವಷ್ಟು, ಅಂದರೆ ಅರ್ಧ ಸುತ್ತು. 14 ಮಿಲಿಮೀಟರಿನ ಪ್ಲಗ್ಗಾದರೆ ಹೆಚ್ಚೆಂದರೆ 8ರವರೆಗೆ. ಬಿಚ್ಚಿದ ಹಳೆಯ ಪ್ಲಗ್ಗನ್ನೇ ಮತ್ತೆ ಹಾಕುವಾಗ ವಾಶರ್ ಆಗಲೇ ಅಮುಕಿರುತ್ತದೆ, 12ರಿಂದ 1ಕ್ಕೆ ಬರುವಷ್ಟು ಸಾಕು. ವಾಶರೇ ಇಲ್ಲದ ಕೋನಾಕಾರದ ಬುಡದ ಪ್ಲಗ್ಗಿಗೆ ಅದಕ್ಕಿಂತಲೂ ಸ್ವಲ್ಪ ಕಡಿಮೆ. ಹಳೆಯ ಪ್ಲಗ್ಗಿಗೆ ಹೊಸದರ ಅರ್ಧ ಸುತ್ತನ್ನು ಕೊಟ್ಟು ಚೂಡಿ ಕಳೆದುಕೊಂಡವರನ್ನು ನಾನು ಬಲ್ಲೆ. ಸುತ್ತಿನ ಈ ಅಳತೆಯ ಒಂದು ಲಾಭವೆಂದರೆ ಅದು ಉಜ್ಜಾಟವನ್ನು ನೆಚ್ಚಿಕೊಂಡಿಲ್ಲ, ಕೈ ಮೋಸ ಹೋದರೂ ಮುಳ್ಳಿನ ಲೆಕ್ಕ ಮೋಸ ಹೋಗುವುದಿಲ್ಲ.

ಕಪ್ಪು ಮೈಯ ಪ್ಲಗ್ಗಿಗೋ, ಹಿಂದೊಮ್ಮೆ ಹಿಡಿದುಕೊಂಡು ಕಾಟ ಕೊಟ್ಟ ತೂತಿಗೋ ಪೇಸ್ಟ್ ಹಚ್ಚಲೇಬೇಕು ಅನ್ನಿಸಿದರೆ ಬೆಂಕಿಕಡ್ಡಿಯ ಮದ್ದಿನಷ್ಟು ತೆಗೆದುಕೊಳ್ಳಿ. ತುದಿಯ ಕಡೆಯ ಎರಡು ಸುತ್ತು ಬಿಟ್ಟು ನಡುವಿನ ಚೂಡಿಗೆ ಮಾತ್ರ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ವಾಶರಿಗೆ ತಾಗಬಾರದು. ಬಿಗಿಯ ಅಂಕಿಯನ್ನು ಶೇಕಡಾ 20ರಿಂದ 30ರಷ್ಟು ಇಳಿಸಿ: 12 ನ್ಯೂಟನ್ ಮೀಟರಿನ ಕಡೆ 9ರ ಆಸುಪಾಸು, 28ರ ಕಡೆ 20ರಿಂದ 22. ಅಳೆಯಲು ಟಾರ್ಕ್ ಪಾನಾ ಇಲ್ಲದಿದ್ದರೆ ಟ್ಯೂಬಿನ ಮುಚ್ಚಳ ತೆಗೆಯದಿರುವುದೇ ಒಳ್ಳೆಯದು.

ಚೂಡಿ ಹೋಗಿಬಿಟ್ಟಿದ್ದರೆ ಪ್ಲಗ್ಗಿಗೆ ಟೇಪ್ ಸುತ್ತುವುದು, ಎಂ-ಸೀಲ್ ಮೆತ್ತುವುದು ಬೇಡ. ಪ್ಲಗ್ ತನ್ನ ಶಾಖವನ್ನು ಹೆಡ್ಡಿಗೆ ದಾಟಿಸುವುದು ವಾಶರ್ ಮತ್ತು ಚೂಡಿಯ ಮೂಲಕವೇ, ಆ ದಾರಿ ಮುಚ್ಚಿದರೆ ಪ್ಲಗ್ ಕಾಯುತ್ತದೆ, ಒಂದಲ್ಲ ಒಂದು ದಿನ ಗುಂಡಿನ ಹಾಗೆ ಹಾರಿಬರುತ್ತದೆ. ಸರಿಯಾದ ಕ್ರಮ ಹೆಡ್ ಬಿಚ್ಚಿ, ತೂತನ್ನು ದೊಡ್ಡದು ಮಾಡಿ, ಹೊಸ ಚೂಡಿ ಕೊರೆದು, ಅದರಲ್ಲಿ ಉಕ್ಕಿನ ಸುರುಳಿಯನ್ನೋ ಬುಷ್ಷನ್ನೋ ಕೂರಿಸುವುದು. ಕೊರೆದ ಚೂರು ಒಳಗೆ ಬಿದ್ದರೆ ಸಿಲಿಂಡರ್ ಗೀರುತ್ತದೆ, ಆದ್ದರಿಂದ ಹೆಡ್ ಬಿಚ್ಚದೆ ಮಾಡುತ್ತೇನೆ ಎನ್ನುವವರ ಕೈಗೆ ಕೊಡಬೇಡಿ. ಚೆನ್ನಾಗಿ ಕೂತ ಉಕ್ಕಿನ ಬುಷ್ಷು ಮೊದಲಿನ ಅಲ್ಯೂಮಿನಿಯಂ ಚೂಡಿಗಿಂತ ಗಟ್ಟಿ.

ನಮ್ಮ ಹುಡುಗನ ಹೆಡ್ಡಿಗೆ ಹಾಗೇ ಮಾಡಿಸಿದೆವು. ಕಾಕಾ ಹೆಡ್ ಬಿಚ್ಚಿಕೊಟ್ಟರು, ಲೇಥಿನಲ್ಲಿ ಬುಷ್ ಕೂರಿಸಿ ತರಲು ಎರಡು ದಿನ ಹಿಡಿಯಿತು. ಹೊಸ ಪ್ಲಗ್ಗನ್ನು ಅವರು ಹುಡುಗನ ಕೈಗೇ ಕೊಟ್ಟು ಹಾಕಿಸಿದರು. ಮೊದಲು ಪೈಪಿನ ತುಂಡು, ಆಮೇಲೆ ಪಾನಾದಿಂದ ಅರ್ಧ ಸುತ್ತು, ಅಷ್ಟಕ್ಕೇ "ಸಾಕು ಬಿಡು" ಅಂದರು. ಉಳಿದ ಪೇಸ್ಟಿನ ಟ್ಯೂಬನ್ನು ಅವನು ಎಸೆಯಲು ಹೊರಟಾಗ ತಡೆದು, ಸೈಲೆನ್ಸರಿನ ಎರಡು ನಟ್ ಬಿಚ್ಚಿ ತೋರಿಸಿದರು. ತುಕ್ಕು ತಿಂದು ಅರ್ಧವಾಗಿದ್ದವು. "ಇಲ್ಲಿ ಹಚ್ಚು," ಅಂದರು.